ಅತ್ತೆಯ ಮೂಗು

ಗ್ರಂಥಾಲಯದ ಓದುವ ಕೋಣೆಗೆ ಕಲ್ಲಿನ ಉಬ್ಬುಶಿಲ್ಪ ಬೇಕೆಂದು ಅಧ್ಯಕ್ಷರಿಗೆ ಬಹಳ ಆಸೆಯಿತ್ತು. ಆದರೆ ಹಳೆಯ ಗೋಡೆ ಅಷ್ಟು ಭಾರ ತಡೆಯುವಂತಿರಲಿಲ್ಲ. ಹೀಗಾಗಿ ಕೆಲಸ ಒಬ್ಬ ಕಲಾವಿದೆಯ ಪಾಲಿಗೆ ಬಂತು. ಕ್ಯಾನ್ವಾಸಿನ ಮೇಲೆ ಬರೀ ಬೂದು, ಬಿಳಿ ಎಣ್ಣೆಬಣ್ಣ ಹಚ್ಚಿ, ಕಲ್ಲೇ ಎದ್ದು ಬಂದಂತೆ ತೋರಿಸುವುದರಲ್ಲಿ ಅವಳದು ಎತ್ತಿದ ಕೈ.

ಚಿತ್ರ ಯುದ್ಧದ್ದು: ಒಬ್ಬ ಸೈನಿಕ, ಅವನ ಪಕ್ಕ ಕುದುರೆ ಏರಿದ ವೀರವನಿತೆ. ಆ ವೀರವನಿತೆಗೆ ರೂಪದರ್ಶಿಯನ್ನು ಹುಡುಕಿ ಅಲೆಯಬೇಕಾಗಲಿಲ್ಲ. ಮನೆಯಲ್ಲೇ ಸೋದರತ್ತೆ ಇದ್ದಳು. ಬಹಳ ಕಾಲ ಈಜು ಕಲಿಸಿ ನಿವೃತ್ತಳಾದವಳು, ಭುಜಗಳು ಇನ್ನೂ ಗಟ್ಟಿ. ಸೋಫಾದ ಕೈಯ ಮೇಲೆ ಕೂತು, ನೆಲ ಒರೆಸುವ ಕೋಲನ್ನು ಈಟಿಯಂತೆ ಎತ್ತಿ ಹಿಡಿದು, "ಬೇಗ ಬರಿಯೇ, ಈ ಕುದುರೆ ಮುಗಿಯೋದ್ರೊಳಗೆ ನಾನೇ ಬಿದ್ದುಹೋಗ್ತೀನಿ" ಎಂದು ಗೊಣಗುತ್ತಲೇ ಅವಳು ವಾರಗಟ್ಟಲೆ ಪೋಸು ಕೊಟ್ಟಳು.

ಚಿತ್ರ ಮುಗಿದ ದಿನ ಅತ್ತೆ ಕನ್ನಡಕ ಏರಿಸಿಕೊಂಡು ಬಂದಳು.

"ನನ್ನ ಮೂಗೆಲ್ಲೇ?"

"ಹಳೇ ಶಿಲ್ಪದ ಥರ ಕಾಣ್ಬೇಕಲ್ಲ ಅತ್ತೆ, ಅದಕ್ಕೇ ಮುರಿದಿದೀನಿ. ಆ ಸೈನಿಕನಿಗೆ ಕೈಯೇ ಇಲ್ಲ ನೋಡಿ."

"ಅವನ ಕೈ ಕಟ್ಕೊಂಡು ನನಗೇನೇ? ಸಾವಿರ ವರ್ಷ ಆದ್ಮೇಲೆ ಬೇಕಾದ್ರೆ ಮುರೀಲಿ. ನಾನಿನ್ನೂ ಬದುಕಿರೋವಾಗ್ಲೇ ಯಾಕೆ?"

ಜಪ್ಪಯ್ಯ ಅಂದರೂ ಕಲಾವಿದೆ ಬಗ್ಗಲಿಲ್ಲ. ಅತ್ತೆ ಮುಖ ಊದಿಸಿಕೊಂಡಳು. ಊಟಕ್ಕೆ ಒಟ್ಟಿಗೇ ಕೂರುತ್ತಿದ್ದರು, ಮಾತು ಮಾತ್ರ ಬಂದ್. ಉಪ್ಪು ಬೇಕಾದರೆ ಅತ್ತೆ ಗೋಡೆಗೆ ಹೇಳುತ್ತಿದ್ದಳು. ಉದ್ಘಾಟನೆಗೆ ತಾನು ಸುತಾರಾಂ ಬರುವುದಿಲ್ಲ ಎಂದಿದ್ದವಳು, ಆ ಸಂಜೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಹೊರಟು ನಿಂತಳು.

ಪರದೆ ಸರಿಯಿತು. ಕ್ಯಾನ್ವಾಸಿಗೆ ಒಪ್ಪಿಗೆ ಕೊಟ್ಟಿದ್ದ ಅಧ್ಯಕ್ಷರೇ ಮೈಮರೆತು ಕುದುರೆಯ ಕತ್ತು ಸವರಲು ಹೋದರು. ಕೈಗೆ ಚಪ್ಪಟೆ ಬಟ್ಟೆ ತಗುಲಿದ್ದೇ ಬೆಚ್ಚಿಬಿದ್ದರು. ಜನ ಗೊಳ್ಳೆಂದರು.

ಅಷ್ಟರಲ್ಲಿ ಒಬ್ಬ ಹೆಂಗಸು, ಅತ್ತೆಯ ಹಳೆಯ ಶಿಷ್ಯೆ, ಓಡಿ ಬಂದಳು. "ಮೇಡಂ, ಕುದುರೆ ಮೇಲಿರೋದು ನೀವೇ ತಾನೇ?"

"ಮೂಗೇ ಇಲ್ವಲ್ಲ, ಹೇಗೆ ಗೊತ್ತಾಯ್ತು?"

"ಮೂಗು ಯಾರಿಗೆ ಬೇಕು ಮೇಡಂ? ಆ ಕಣ್ಣು ನೋಡಿದ್ರೆ ಈಗ್ಲೂ ತಕ್ಷಣ ನೀರಿಗೆ ಹಾರ್ಬೇಕು ಅನ್ಸುತ್ತೆ!"

ಅತ್ತೆ ಉಬ್ಬಿಹೋದಳು. ಅದೇ ಸಮಯ ನೋಡಿ ಕಲಾವಿದೆ ಮೆಲ್ಲಗೆ ಹತ್ತಿರ ಬಂದಳು. ಅವಳಿಗೂ ಒಳಗೊಳಗೇ ಕಸಿವಿಸಿಯಿತ್ತು. "ಬ್ರಷ್ ತಂದಿದೀನಿ ಅತ್ತೆ. ಜನ ಹೋದ್ಮೇಲೆ ಮೂಗು ಬರೆದುಬಿಡ್ಲಾ?"

"ಸುಮ್ನಿರೇ. ಮೂಗಿದ್ರೆ ಎಲ್ಲರೂ ಅದನ್ನೇ ನೋಡ್ತಾ ನಿಂತುಬಿಡ್ತಾರೆ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ ಬಾಯಿ ಮುಚ್ಚಲಿಲ್ಲ.