ದಾನಿಯೇಲನ ಅಡ್ಡಹೆಸರು

ಇಳಕಲ್ಲಿನ ಹೊರಗಿನ ಕೆಂಪು ಕಲ್ಲಿನ ಖಣಿಯಲ್ಲಿ ದಾನಿಯೇಲ ಹನ್ನೊಂದು ವರ್ಷ ಬತ್ತಿ ಹಚ್ಚಿದ್ದ. ಆ ಹನ್ನೊಂದು ವರ್ಷದಲ್ಲಿ ಒಬ್ಬ ಆಳಿನ ಬೆರಳೂ ಜಜ್ಜಿರಲಿಲ್ಲ. ಬಂಡೆಗೆ ತೂತು ಕೊರೆಯುವುದು, ಮದ್ದು ತುಂಬುವುದು, ಬತ್ತಿಗೆ ಕಿಡಿ ತಾಗಿಸಿ ಓಡಿಬರುವುದು, ಇಷ್ಟು ಬಲ್ಲವರು ಆ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಹಚ್ಚಿದ ಬತ್ತಿ ನಡುವೆ ಆರಿಹೋಗಿ ಮದ್ದು ಹಾರದೆ ಉಳಿದಾಗ ಏನು ಮಾಡಬೇಕೆಂಬುದು ದಾನಿಯೇಲನಷ್ಟು ಯಾರಿಗೂ ಗೊತ್ತಿರಲಿಲ್ಲ. ಅವನು ಏನೂ ಮಾಡುತ್ತಿರಲಿಲ್ಲ. ಯಾರನ್ನೂ ಬಂಡೆಯ ಹತ್ತಿರ ಬಿಡದೆ, ತಾನೂ ಹೋಗದೆ, ದೂರದ ಜಾಲಿಗಿಡದ ಕೆಳಗೆ ಒಂದು ತಾಸು ಕೂತುಬಿಡುತ್ತಿದ್ದ.

"ಲಾರಿ ನಿಂತೈತಲೇ ದಾನ್ಯಾ," ಎಂದು ಮ್ಯಾನೇಜರ ಕಲ್ಲಪ್ಪ ಕೂಗಿದರೂ ಏಳುತ್ತಿರಲಿಲ್ಲ.

"ನಿಂದರಲಿ ಬಿಡ್ರಿ. ಒಳಗ ಕಿಡಿ ಇನ್ನೂ ಜೀವ ಹಿಡಕೊಂಡ ಕುಂತಿರತೈತಿ," ಎನ್ನುತ್ತಿದ್ದ.

ಗುರಲಿಂಗಪ್ಪ ಆ ಖಣಿಗೆ ಲೆಕ್ಕ ಬರೆಯುವ ಕಾರಕೂನನಾಗಿ ಬಂದದ್ದು 1975ರಲ್ಲಿ. ಕಮತಗಿಯ ಕುರುಬರ ಮನೆಯವನು. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿದ್ದ, ಅವರ ಮನೆಯಲ್ಲಿ ಸಾಲಿಯ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಅಪ್ಪ ಅಮಸಿದ್ದಪ್ಪ ಇನ್ನೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಖಣಿಯಲ್ಲಿ ಯಾರಾದರೂ ಮನೆತನದ ಕಸುಬು ಕೇಳಿದರೆ ಗುರಲಿಂಗಪ್ಪ "ಒಕ್ಕಲುತನ" ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಂಡಿದ್ದ.

ಮರುವರ್ಷ ದೀಪಾವಳಿ ಕಳೆದ ಮೇಲೆ, ಕಲ್ಲು ಕೊಳ್ಳುವ ಮದ್ರಾಸಿನ ಕಂಪನಿಯಿಂದ ಒಂದು ಕಾಗದ ಬಂತು. ಮದ್ದಿನ ಕೆಲಸ ಮಾಡುವವರ ಪೂರ್ಣ ಹೆಸರು, ಅಡ್ಡಹೆಸರು ಸಮೇತ, ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕೆಂದಿತ್ತು. ದಾನಿಯೇಲನನ್ನು ಜನ ದಾನಪ್ಪ ಕೌಡಿ ಎನ್ನುತ್ತಿದ್ದರು. ಹಿರಿಯರಲ್ಲಿ ಯಾರೋ ಕೌಡಿ, ಅಂದರೆ ಕವಡೆ, ಆಡುತ್ತಿದ್ದಿರಬೇಕು ಎಂದೇ ಎಲ್ಲರ ತಿಳಿವಳಿಕೆ. ಗುರಲಿಂಗಪ್ಪ ಕೇಳಿದ್ದಕ್ಕೆ ಅವನು ಮರುದಿನ ಗುಳೇದಗುಡ್ಡದ ಚರ್ಚಿನವರು ಕೊಟ್ಟಿದ್ದ ದೀಕ್ಷಾಸ್ನಾನದ ಚೀಟಿ ತಂದು ಮೇಜಿನ ಮೇಲಿಟ್ಟ. ಮಂದಿಯ ಬಾಯಲ್ಲಿ ಕೌಡಿಯಾದ ಹೆಸರು ಅದರಲ್ಲಿ ಇಂಗ್ಲಿಷಿನಲ್ಲಿತ್ತು: ಸಿ, ಓ, ಡಬ್ಲ್ಯೂ, ಎ, ಆರ್, ಡಿ. ಕಾವರ್ಡ್.

"ನಮ್ಮ ಅಪ್ಪನ ಮುತ್ತ್ಯಾಂದ್ರಿ ಈ ಹೆಸರು," ಎಂದ ದಾನಿಯೇಲ. "ಟಾಮಸ್ ಅಂತ. ಕಲಾದಗ್ಯಾಗ ಇಂಗ್ಲಿಷರ ಪಲ್ಟನ್ ಇತ್ತಲ್ರಿ, ಅದರಾಗ ಸಿಪಾಯಿ ಇದ್ದ. ಅಲ್ಲೇ ಒಬ್ಬಾಕಿನ್ನ ಮದುವ್ಯಾದ, ಅಲ್ಲೇ ವಾಂತಿಭೇದಿ ಬಂದು ಸತ್ತ. ಗೋರಿ ಐತಿ. ಕಲ್ಲಿನ ಮ್ಯಾಲ ಲ್ಯಾಂಕಶೈರ್ ಅಂತ ಅವನ ಸೀಮಿ ಹೆಸರೂ ಐತ್ರಿ. ವರ್ಷಾ ಕ್ರಿಸ್‌ಮಸ್ಸಿಗೆ ಮೊದಲ ಹೋಗಿ ಸುಣ್ಣಾ ಹಚ್ಚಿ ಬರ್ತೇನಿ."

ಗುರಲಿಂಗಪ್ಪ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡ. ಮಧ್ಯಾಹ್ನ ಕಲ್ಲಪ್ಪನ ಜೊತೆ ರೊಟ್ಟಿ ಬಿಚ್ಚಿದಾಗ ಮಾತ್ರ ತಡೆಯಲಾಗಲಿಲ್ಲ. ಕಲಿತದ್ದನ್ನು ತೋರಿಸಿಕೊಳ್ಳಲು ಖಣಿಯಲ್ಲಿ ಅವಕಾಶ ಸಿಗುತ್ತಿದ್ದದ್ದೇ ಅಪರೂಪ.

"ಆ ದಾನಪ್ಪನ ಅಡ್ಡಹೆಸರಿನ ಅರ್ಥ ಗೊತ್ತೇನ್ರಿ? ಹೇಡಿ ಅಂತ!"

ಕಲ್ಲಪ್ಪ ಉಂಡದ್ದು ನೆತ್ತಿಗೇರುವ ಹಾಗೆ ನಕ್ಕ. "ಅದಕ್ಕ ನೋಡ, ಮದ್ದ ಹಾರಲಿಲ್ಲಂದ್ರ ತಾಸಗಟ್ಟಲೆ ಗಿಡದ ಬುಡಕ್ಕ ಕುಂದರತಾನ ಮಗಾ. ರಕ್ತದಾಗ ಐತಿ ಅಂದಂಗಾತು!"

ಸಂಜೆಯೊಳಗೆ ಖಣಿಯ ಅರವತ್ತು ಆಳುಗಳಿಗೂ ಗೊತ್ತಾಯಿತು. ಕೆಲಸ ಬಿಟ್ಟ ಮೇಲೆ ದಾನಿಯೇಲ ಆಫೀಸಿನ ಬಾಗಿಲಿಗೆ ಬಂದು ನಿಂತ. ಕೈಕಾಲು ತೊಳೆದುಕೊಂಡು, ತಲೆಗೆ ನೀರು ಸವರಿಕೊಂಡು ಬಂದಿದ್ದ, ಸಾಹೇಬರನ್ನು ಕಾಣಲು ಬಂದವನಂತೆ.

"ಮಂದಿ ಏನೇನೋ ಅನ್ನಾಕ ಹತ್ಯಾರ್ರಿ. ಖರೆ ಏನ್ರಿ ಅದು?"

ಗೊತ್ತಿಲ್ಲ ಎನ್ನಬಹುದಿತ್ತು. ನಾನು ಸುಮ್ಮನೆ ನಗಾಟಕ್ಕೆ ಅಂದೆ ಎನ್ನಬಹುದಿತ್ತು. ಗುರಲಿಂಗಪ್ಪ ಡಿಕ್ಷನರಿ ತೆಗೆದು, ಪುಟ ಹುಡುಕಿ, ಶಬ್ದದ ಕೆಳಗೆ ಬೆರಳಿಟ್ಟು ಓದಿ ಅರ್ಥ ಹೇಳಿದ. ದಾನಿಯೇಲನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ತನ್ನ ಹೆಸರಿನ ಆರು ಅಕ್ಷರಗಳ ಗುರುತಿತ್ತು. ಅವನ್ನೇ ಬಹಳ ಹೊತ್ತು ನೋಡಿದ.

"ಹೇಡಿ ಆಗಿದ್ರ ಅಂವ ಪಲ್ಟನ್ಯಾಗ ಸೇರಿ ಇಷ್ಟ ದೂರ ಯಾಕ ಬರ್ತಿದ್ದನ್ರಿ?" ಎಂದ.

"ಬುಕ್ಕಿನ್ಯಾಗ ಇದ್ದದ್ದು ಹೇಳೇನಿ ನೋಡಪಾ," ಎಂದು ಗುರಲಿಂಗಪ್ಪ ಪುಸ್ತಕ ಮುಚ್ಚಿದ.

ಆಮೇಲಿನ ಐದು ತಿಂಗಳು ಖಣಿಯಲ್ಲಿ ದಾನಿಯೇಲನಿಗೆ ಬೇರೆ ಹೆಸರೇ ಇರಲಿಲ್ಲ. "ಹೇಡಿ ಸಾಹೇಬ್ರ" ಎಂದು ಕರೆದೇ ಚಹಾ ಕೊಡುತ್ತಿದ್ದರು. ಕಲ್ಲಪ್ಪನಂತೂ ಬೈಯುವುದನ್ನೇ ಬಿಟ್ಟು, ಬಗ್ಗಿ ಸಲಾಮು ಹೊಡೆಯುತ್ತಿದ್ದ. ಮೊದಲೆಲ್ಲ ದಾನಿಯೇಲನ ಎಚ್ಚರಿಕೆಯಿಂದ ಜೀವ ಉಳಿಸಿಕೊಂಡವರೇ ಈಗ ಅದನ್ನು ಅಂಜುಬುರುಕತನವೆಂದು ಆಡಿಕೊಂಡು ನಕ್ಕರು. ಅವನ ಏಳು ವರ್ಷದ ಮಗಳು ರೂತ್ ಸಾಲಿಯಿಂದ ಅಳುತ್ತ ಬಂದಳಂತೆ. ಇದನ್ನು ಹೇಳಿದವನು ದಾನಿಯೇಲನ ಜೊತೆಗಾರ ರಾಜಮಹ್ಮದ. ಬಂಡೆಗೆ ತೂತು ಕೊರೆಯುವುದು ಅವನ ಕೆಲಸ.

"ನೀವರ ಒಂದ ಮಾತ ಹೇಳ್ರಿ, ಕಾರಕೂನ್ರ. ನಿಮ್ಮ ಮಾತ ಕೇಳ್ತಾರ," ಎಂದು ರಾಜಮಹ್ಮದ ಕೇಳಿಕೊಂಡ.

"ನಾಕ ದಿನಾ ಅಂತಾರ, ಬಿಡ್ತಾರ," ಎಂದ ಗುರಲಿಂಗಪ್ಪ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ದೊಡ್ಡ ಬಂಡೆಗೆ ಐದು ತೂತು ಹಾಕಿ ಮದ್ದು ತುಂಬಿದ್ದರು. ನಾಲ್ಕು ಹಾರಿದವು. ಐದನೆಯದು ಸದ್ದು ಮಾಡಲಿಲ್ಲ. ದಾನಿಯೇಲ ಕೈ ಎತ್ತಿ ಎಲ್ಲರನ್ನೂ ತಡೆದು, ಎಂದಿನಂತೆ ಜಾಲಿಗಿಡದ ಕೆಳಗೆ ಹೋಗಿ ಕೂತ. ಕಲ್ಲು ಒಯ್ಯಲು ಬಂದಿದ್ದ ಎರಡು ಲಾರಿಗಳು ಬಿಸಿಲಲ್ಲಿ ನಿಂತಿದ್ದವು. ಹತ್ತು ನಿಮಿಷವಾಗಿರಬೇಕು. ಕಲ್ಲಪ್ಪ ಲಾರಿ ಡ್ರೈವರರ ಕಡೆ ತಿರುಗಿ ಗಟ್ಟಿಯಾಗಿ, "ಕುಂದರ್ರಿಪಾ ನೀವೂ. ನಮ್ಮ ಕಾವರ್ಡ್ ಸಾಹೇಬ್ರು ಅಂಜ್ಯಾರ. ಅವರ ಅಂಜಿಕಿ ಹೋಗೂತನಾ ಕೆಲಸಿಲ್ಲ," ಎಂದ.

ಡ್ರೈವರರಿಗೆ ಅರ್ಥವಾಗಲಿಲ್ಲ. ಯಾರೋ ಬಿಡಿಸಿ ಹೇಳಿದರು. ಪರವೂರಿನ ಆ ಇಬ್ಬರೂ ನಗತೊಡಗಿದರು. ಅವರನ್ನು ನೋಡಿ ಉಳಿದವರು ನಕ್ಕರು. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಗುರಲಿಂಗಪ್ಪನೂ ನಕ್ಕ. ಗಟ್ಟಿಯಾಗಿ ಅಲ್ಲ. ಆದರೆ ನಕ್ಕದ್ದು ಹೌದು.

ದಾನಿಯೇಲ ಎದ್ದು ನಿಂತ.

ರಾಜಮಹ್ಮದ ಓಡಿಹೋಗಿ ಅವನ ರಟ್ಟೆ ಹಿಡಿದ. "ಹುಚ್ಚ ಹಿಡದೈತೇನಲೇ ನಿನಗ? ಕುಂದರ!"

"ಬಿಡೋ. ಎಷ್ಟ ದಿನಾ ಅಂತ ಕೇಳ್ಲಿ?"

ಕೈ ಬಿಡಿಸಿಕೊಂಡು ಹೊರಟ. ಓಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ನಗೆ ಒಂದೊಂದಾಗಿ ನಿಂತಿತು. ಕಲ್ಲಪ್ಪನೇ, "ಏ ದಾನ್ಯಾ, ಸಾಕ ಬಾ, ಚಾಷ್ಟಿ ಮಾಡಿದೆ," ಎಂದು ಕೂಗಿದ. ದಾನಿಯೇಲ ಬಂಡೆ ಹತ್ತಿ, ಐದನೆಯ ತೂತಿನ ಬಳಿ ಮಂಡಿಯೂರಿ, ಬತ್ತಿಯ ತುದಿ ಹುಡುಕಲು ಬಗ್ಗಿದ. ಆಗ ಮದ್ದು ಹಾರಿತು.

ಧೂಳು ಇಳಿಯುವವರೆಗೆ ಯಾರೂ ಕದಲಲಿಲ್ಲ. ಎಲ್ಲರಿಗಿಂತ ಮೊದಲು ರಾಜಮಹ್ಮದ ಬಂಡೆ ಹತ್ತಿದ. ತನ್ನ ಅಂಗಿ ಬಿಚ್ಚಿ ಮುಖ ಇದ್ದ ಜಾಗದ ಮೇಲೆ ಹೊದಿಸಿದ. ಗುರಲಿಂಗಪ್ಪ ಆಫೀಸಿನ ಬಾಗಿಲು ಬಿಟ್ಟು ಮುಂದೆ ಹೋಗಲಿಲ್ಲ. ಆ ಹೊತ್ತಿನಲ್ಲಿ ಖಣಿಯಲ್ಲಿ ಹೇಡಿ ಯಾರೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು.

ದಾನಿಯೇಲನ ಹೆಂಡತಿ ಸತ್ಯವ್ವ ಗುಳೇದಗುಡ್ಡದವಳು. ಅವಳ ತವರಿನವರು ಬಂದು ಅಲ್ಲಿಯ ಚರ್ಚಿನ ಹಿಂದಿನ ಹೊಲದಲ್ಲಿ ಮಣ್ಣು ಮಾಡಿದರು. ಅವಳು ಮಗಳನ್ನು ಕರೆದುಕೊಂಡು ತವರಲ್ಲೇ ಉಳಿದಳು. ತಿಂಗಳ ನಂತರ ರಾಜಮಹ್ಮದ ಖಣಿಯ ಒಂದು ಒಳ್ಳೆಯ ಕೆಂಪು ಚಪ್ಪಡಿಯನ್ನು ತಾನೇ ತಿಕ್ಕಿ ನುಣುಪು ಮಾಡಿ, ಗೋರಿಗೆ ಹಾಕುವೆನೆಂದು ಒಯ್ದ. ಹೆಸರು ಹೇಗೆ ಬರೆಯಬೇಕೆಂದು ಗುರಲಿಂಗಪ್ಪನ ಹತ್ತಿರ ಒಂದು ಚೀಟಿ ಬರೆಸಿಕೊಂಡಿದ್ದ. ಎರಡು ದಿನ ಬಿಟ್ಟು ತಿರುಗಿ ಬಂದವನು ಆ ಚೀಟಿಯನ್ನು ಮೇಜಿನ ಮೇಲೆ ಇಟ್ಟ.

"ದಾನಿಯೇಲ ಅಂತ ಅಷ್ಟ ಕೆತ್ತಿದೆ. ಅಡ್ಡಹೆಸರ ಬ್ಯಾಡ ಅಂದ್ಲು ಆಕಿ. 'ಆ ಹೆಸರು ನನ್ನ ಗಂಡನ್ನ ತಿಂದೈತಿ, ಗೋರಿ ಮ್ಯಾಲೂ ಕುಂದರಸಬೇಕೇನಣ್ಣಾ' ಅಂದ್ಲು."

ಅಂದಿನಿಂದ ಪಲ್ಟನ್ನಿನ ಸಿಪಾಯಿಯ ಬಗ್ಗೆ ದಾನಿಯೇಲ ಕೇಳಿದ ಪ್ರಶ್ನೆ ಗುರಲಿಂಗಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಹೇಡಿ ಎಂದು ಯಾರಾದರೂ ತಾವೇ ಮನೆತನಕ್ಕೆ ಹೆಸರಿಟ್ಟುಕೊಳ್ಳುತ್ತಾರೆಯೇ? ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದನ್ನು ದಾಟಿಸುತ್ತಾರೆಯೇ? ಮಳೆಗಾಲದಲ್ಲಿ ಎರಡು ದಿನ ರಜೆ ಹಾಕಿ ಧಾರವಾಡಕ್ಕೆ ಹೋದ. ಹಳೆಯ ಪ್ರೊಫೆಸರರಿಂದ ಒಂದು ಮಾತು ಹೇಳಿಸಿ ವಿಶ್ವವಿದ್ಯಾಲಯದ ಗ್ರಂಥಾಲಯದೊಳಗೆ ಕೂತ. ಇಂಗ್ಲಿಷರ ಅಡ್ಡಹೆಸರುಗಳ ಮೇಲೆಯೇ ಒಂದು ದಪ್ಪ ಪುಸ್ತಕವಿತ್ತು.

ಅದರಲ್ಲಿ ಕಾವರ್ಡ್ ಎಂಬುದಕ್ಕೆ ಎಂಟೇ ಸಾಲು. ಹಳೆಯ ಇಂಗ್ಲಿಷಿನ ಎರಡು ಶಬ್ದಗಳು ಕೂಡಿ ಆದ ಹೆಸರು ಅದು: ಒಂದು ಆಕಳು, ಇನ್ನೊಂದು ಕಾಯುವವನು. ದನಗಾರ. ಹೇಡಿ ಎಂಬ ಶಬ್ದ ಬೇರೆಯೇ. ಅದು ಫ್ರಾನ್ಸಿನಿಂದ ಬಂದದ್ದು, ಬಾಲ ಎಂಬ ಮಾತಿನಿಂದ ಹುಟ್ಟಿದ್ದು. ನೂರಾರು ವರ್ಷ ಮಂದಿಯ ಬಾಯಲ್ಲಿ ಸವೆದು ಸವೆದು ಎರಡರ ಕಾಗುಣಿತ ಒಂದೇ ಆಗಿತ್ತು, ಅಷ್ಟೇ. ಆ ಹೆಸರಿನವರು ಹೆಚ್ಚಾಗಿ ಇರುವುದು ಎರಡು ಕಡೆ ಎಂದು ಬರೆದಿತ್ತು: ಇಂಗ್ಲೆಂಡಿನ ನೈಋತ್ಯದ ವಿಲ್ಟ್‌ಶೈರಿನ ಸುತ್ತ, ಮತ್ತು ಲ್ಯಾಂಕಶೈರಿನ ಉತ್ತರದ ತುದಿಯಲ್ಲಿ. ಕೆಲವರು ಈ ಹೆಸರಿನ ಮುಜುಗರ ತಾಳದೆ ಅಕ್ಷರ ಬದಲಿಸಿಕೊಂಡಿದ್ದರು. ಹೆಚ್ಚಿನವರು ಹಾಗೇ ಇಟ್ಟುಕೊಂಡಿದ್ದರು.

ಗುರಲಿಂಗಪ್ಪ ಅದನ್ನು ಕನ್ನಡದಲ್ಲಿ ಬರೆದುಕೊಂಡ. ಬರೆಯುವಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ನೂರು ವರ್ಷದ ಕೆಳಗೆ ಕಲಾದಗಿಯ ಪಲ್ಟನ್ನಿನಲ್ಲಿ ಸತ್ತ ಆ ಬಿಳಿಯ ಸಿಪಾಯಿಯ ಹಿರಿಯರೂ, ತನ್ನ ಹಿರಿಯರೂ ಒಂದೇ ಕೆಲಸ ಮಾಡಿದವರು. ಕುರಿ ಕಾಯುವವನ ಮಗನಾಗಿ, ದನ ಕಾಯುವವನೆಂಬ ಹೆಸರನ್ನು ತಾನು ಮಂದಿಯ ಮುಂದೆ ನಗೆಗೀಡು ಮಾಡಿದ್ದ. ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಖಣಿಗೆ ಬಂದು ಮೊದಲು ಕಲ್ಲಪ್ಪನಿಗೆ ಹೇಳಿದ. "ಹಂಗೇನು?" ಎಂದು ಕಲ್ಲಪ್ಪ ತಂಬಾಕು ಉಗುಳಿ ಬಂದ. "ಈಗ ಅದನ್ನ ತಗೊಂಡ ಏನ ಮಾಡೋದೈತಿ? ಹೊಸಾ ಬತ್ತಿಯಾಂವ ನಾಳೆ ಬರ್ತಾನ, ಅವನ ಹೆಸರ ಬರಕೋ."

ಆ ಭಾನುವಾರ ಗುರಲಿಂಗಪ್ಪ ಗುಳೇದಗುಡ್ಡದ ಬಸ್ಸು ಹತ್ತಿದ. ಸತ್ಯವ್ವ ತವರಿನ ಪಡಸಾಲೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗಕ್ಕೆ ರಾಟೆಯಲ್ಲಿ ನೂಲು ಸುತ್ತುತ್ತ ಕೂತಿದ್ದಳು. ಮೂವತ್ತೂ ಆಗಿರದ ಹೆಂಗಸು, ಕೆನ್ನೆ ಇಳಿದುಹೋಗಿತ್ತು. ಖಣಿಯ ಕಾರಕೂನನೆಂದು ಗುರುತು ಹೇಳಿದ ಮೇಲೆ ಚಾಪೆ ಹಾಸಿದಳು. ಅವನು ಎರಡು ದಿನ ಧಾರವಾಡದಲ್ಲಿ ಹುಡುಕಿದ್ದನ್ನು ಹೇಳಿ, ಕಾಗದ ಬಿಚ್ಚಿ ಓದಿದ. ಅವಳು ರಾಟೆ ನಿಲ್ಲಿಸಿ ಕೇಳಿಸಿಕೊಂಡಳು.

"ದನಗಾರ," ಎಂದು ತನ್ನಷ್ಟಕ್ಕೆ ಒಮ್ಮೆ ಅಂದಳು. ಆಮೇಲೆ ಕೇಳಿದಳು: "ಮತ್ತ ಹೇಡಿ ಅಂತ ಅವಂಗ ಬುಕ್ಕ ತಗದ ತೋರಿಸಿದಾವ್ರು ಯಾರ್ರಿ? ಕಲಿತವರೊಬ್ರು ತೋರಿಸ್ಯಾರ ಅಂತ ಅಷ್ಟ ಹೇಳಿದ್ದ. ಹೆಸರ ಹೇಳಲಿಲ್ಲ."

ಗುರಲಿಂಗಪ್ಪ ದಾರಿಯುದ್ದಕ್ಕೂ ಈ ಮಾತನ್ನು ಹೇಗೆ ಎತ್ತಬೇಕೆಂದು ಯೋಚಿಸುತ್ತ ಬಂದಿದ್ದ. ಈಗ ಅವಳೇ ಕೇಳಿದ್ದಳು.

"ನಾನವ್ವಾ."

ಸತ್ಯವ್ವ ಅಳಲಿಲ್ಲ, ಬೈಯಲೂ ಇಲ್ಲ. ಅವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಹಿತ್ತಲಲ್ಲಿ ರೂತ್ ಯಾರ ಜೊತೆಗೋ ಕುಂಟಾಬಿಲ್ಲೆ ಆಡುತ್ತ ಎಣಿಸುವುದು ಕೇಳುತ್ತಿತ್ತು.

"ಆ ಐದ ತಿಂಗಳ ಅಂವ ಮನ್ಯಾಗ ಹೆಂಗಿದ್ದ ಗೊತ್ತೇನ್ರಿ ನಿಮಗ? ಮಗಳ ಮುಖಾ ನೋಡಿ ಮಾತಾಡ್ತಿರಲಿಲ್ಲ. ಕಲಾದಗಿಗೆ ಹೋಗಿ ಸುಣ್ಣಾ ಹಚ್ಚೋದ ಬಿಟ್ಟ. ಎರಡ ದಿನಾ ಹಿಡೀತ್ರಿ ನಿಮಗ ಈ ಅರ್ಥಾ ಹುಡಕಾಕ. ಎರಡ ದಿನಾ! ಅಂವ ಬಾಗಲಿಗೆ ಬಂದ ಕೇಳಿದಾಗ ಯಾಕ ಹುಡಕಲಿಲ್ಲರಿ?"

"ತಪ್ಪಾತವ್ವ. ನನಗ..."

"ಕಾಗದಾ ಇಟ್ಟ ಹೋಗ್ರಿ," ಎಂದಳು. "ನೀವ ಮತ್ತ ಬರಬ್ಯಾಡ್ರಿ."

ಅವನು ಕಾಗದವನ್ನು ಚಾಪೆಯ ಮೇಲೆ ಬಿಟ್ಟು ಎದ್ದ. ಅಂಗಳ ದಾಟುವಷ್ಟರಲ್ಲಿ ರಾಟೆಯ ಸದ್ದು ಮತ್ತೆ ಶುರುವಾಗಿತ್ತು.

ವರ್ಷದೊಳಗೆ ಗುರಲಿಂಗಪ್ಪ ಖಣಿ ಬಿಟ್ಟು ಹುನಗುಂದದ ಒಂದು ಸಾಲಿಗೆ ಮಾಸ್ತರನಾಗಿ ಸೇರಿಕೊಂಡ. 1981ರ ಜನಗಣತಿ ಮುಗಿದ ಮೇಲೆ, ಸಾಲಿ ಇನ್‌ಸ್ಪೆಕ್ಟರ ಸಾಹೇಬರು ಕರೆದ ಮಾಸ್ತರರ ಸಭೆಯಲ್ಲಿ ಕನಕಪ್ಪ ಎಂಬ ಮಾಸ್ತರ ಪಕ್ಕದಲ್ಲಿ ಕೂತಿದ್ದ. ಗುಳೇದಗುಡ್ಡದ ಚರ್ಚಿನ ಸುತ್ತ ಇದ್ದ ಮಿಶನ್ ಕಂಪೌಂಡಿನ ಮನೆಗಳನ್ನು ಎಣಿಸಿದವನು ತಾನೇ ಎಂದು ಮಾತಿಗೆ ಮಾತು ಬಂದು ಹೇಳಿದ. ಗುರಲಿಂಗಪ್ಪ ತಡೆಯಲಾರದೆ, ಕಾವರ್ಡ್ ಎಂಬ ಹೆಸರಿನವರು ಯಾರಾದರೂ ಸಿಕ್ಕರೇ ಎಂದು ಕೇಳಿದ.

"ಇಲ್ಲರಿ, ಅಂಥಾದ್ದು ಯಾವದೂ ಬರೀಲಿಲ್ಲ," ಎಂದ ಕನಕಪ್ಪ. ಸ್ವಲ್ಪ ನೆನಪು ಮಾಡಿಕೊಂಡು, "ಒಂದ ಮನ್ಯಾಗ ಗಂಡ ಸತ್ತ ಹೆಣ್ಣಮಗಳು, ಮಗಳು ಇದ್ರು. ಅಡ್ಡಹೆಸರ ಕೇಳಿದೆ. 'ಇಲ್ಲ, ಏನೂ ಬರೀಬ್ಯಾಡ್ರಿ' ಅಂದ್ಲು ಆಕಿ. ಒಳಗಿಂದ ಹುಡಿಗಿ 'ಐತೆಲ್ಲವ್ವ ನಮಗ' ಅಂತು. 'ಸುಮ್ನಿರ ನೀ' ಅಂತ ಗದರಿಸಿದ್ಲು. ಯಾಕ್ರಿ, ನಿಮಗ ಗುರ್ತಿನವರೇನು?"

"ಆಕಿ ಗಂಡ, ನಾ ಒಂದ ಖಣ್ಯಾಗ ಇದ್ದಿವಿ," ಎಂದ ಗುರಲಿಂಗಪ್ಪ.

ಸಾಹೇಬರು ಮಾತು ಶುರು ಮಾಡಿದ್ದರು. ಕನಕಪ್ಪ ಆ ಕಡೆ ತಿರುಗಿದ.