ಎಡ ಅಂಚಿನ ಹೆಂಗಸು

ನನಗೆ ನಾನೇ ಒಪ್ಪಿಕೊಳ್ಳಲು ಹೆದರುವ ಮಾತೊಂದಿದೆ: ಮಂಗಳವಾರದಿಂದ ಅಮ್ಮನ ಮುಖ ನನಗೆ ಮರೆಯುತ್ತಿದೆ. ಮೊದಲು ಗಲ್ಲ ಹೋಯಿತು. ಈ ಬೆಳಿಗ್ಗೆ ಹಲ್ಲುಜ್ಜುವಾಗ ಹುಬ್ಬೂ ಇರಲಿಲ್ಲ.

ಪದವಿ ಮುಗಿಸಿ ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ಈ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಹಳೆಯ ಟೀವಿ ಹಾಸ್ಯ ಧಾರಾವಾಹಿಯೊಂದನ್ನು ಅಗಲ ಪರದೆಯ ಡಿವಿಡಿಗೆ ಅಣಿಗೊಳಿಸುತ್ತಿದ್ದೇವೆ. ಆಗಿನ ಟೀವಿ ಚೌಕ. ಕ್ಯಾಮೆರಾ ಮಾತ್ರ ಅದಕ್ಕಿಂತ ಅಗಲಕ್ಕೆ ನೋಡುತ್ತಿತ್ತು. ಈಗ ಆ ಅಂಚುಗಳನ್ನು ತೆರೆದರೆ ನೇತಾಡುವ ಮೈಕು, ಬಡಗಿಯ ಬೂಟು, ಸೆಟ್ಟಿನ ಅಡುಗೆಮನೆಯ ಗೋಡೆ ಮುಗಿದಲ್ಲಿನ ಕತ್ತಲು ಎಲ್ಲ ಕಾಣುತ್ತವೆ. ಜೋಕಿಗೆ ನಗದೆ ಎರಡು ಅಂಚುಗಳನ್ನಷ್ಟೇ ನೋಡಿ, ಅಳಿಸಬೇಕಾದದ್ದನ್ನು ಪಟ್ಟಿ ಮಾಡುವುದು ನನ್ನ ಕೆಲಸ. ಆ ಪಟ್ಟಿ ಹಿಡಿದು ನನ್ನ ಹಿರಿಯ ಸಹೋದ್ಯೋಗಿ ಡ್ವೈಟ್ ತನ್ನ ಕಂಪ್ಯೂಟರಿನಲ್ಲಿ ಅವುಗಳ ಮೇಲೆ ಗೋಡೆಯ ಬಣ್ಣ ಎಳೆಯುತ್ತಾನೆ.

ಮಂಗಳವಾರ, ಹನ್ನೊಂದನೇ ಕಂತಿನ ಎಡ ಅಂಚಿನಲ್ಲಿ ಹಸಿರು ಸ್ವೆಟರಿನ ಹೆಂಗಸೊಬ್ಬಳು ನಿಂತಿದ್ದಳು. ಕೈ ರೂಢಿಯಂತೆ ಬರೆಯಿತು: 'ಎಡ, ಹೆಂಗಸು, ಅಳಿಸಿ.' ಪಟ್ಟಿ ಕಳಿಸಿ ಕಾಫಿಗೆ ಎದ್ದಾಗ ಆ ಸ್ವೆಟರು ಅಮ್ಮನದೆಂದು ಹೊಳೆಯಿತು. ಅಮ್ಮ ಇದೇ ಧಾರಾವಾಹಿಯಲ್ಲಿ ದುಡಿದವಳು. ದೀಪಗಳನ್ನು ಹೊಂದಿಸುವವರೆಗೆ ನಾಯಕಿಯ ಜಾಗದಲ್ಲಿ ನಿಲ್ಲುವುದು, ನಾಯಕಿ ಬಂದೊಡನೆ ಚೌಕದಾಚೆ ಸರಿಯುವುದು, ಅಷ್ಟೇ ಅವಳ ಪಾತ್ರ. ನನಗೆ ಒಂಬತ್ತಾಗಿದ್ದಾಗ ತೀರಿಕೊಂಡಳು.

ತಪ್ಪು ಹೇಳಿಬಿಡೋಣವೆಂದು ಡ್ವೈಟನ ಬಾಗಿಲವರೆಗೆ ಹೋದೆ.

"ಏನಮ್ಮಾ ನೋರೀನ್, ಬಾಯಿ ಮನೇಲಿಟ್ಟು ಬಂದ್ಯಾ?"

"ಏನಿಲ್ಲ."

ಅವನ ಪರದೆಯಲ್ಲಿ ಅಮ್ಮ ಆಗಲೇ ಅಳಿಸಿಹೋಗಿದ್ದಳು. ಸಂಜೆ ಆಲ್ಬಮ್ ತೆಗೆದೆ. ಸಾಂಟಾ ಮೋನಿಕಾ ಕಡಲದಂಡೆಯ ಫೋಟೋದಲ್ಲಿ ಅಮ್ಮನಿದ್ದ ಕಡೆ ಬರೀ ಮರಳು. ನನ್ನ ಹೆಗಲ ಮೇಲೆ ನಾಲ್ಕು ಬೆರಳು ಮಾತ್ರ ಉಳಿದಿದ್ದವು.

ಹನ್ನೆರಡನೇ ಕಂತಿನಲ್ಲಿ ಅವಳು ಮತ್ತೆ ಇದ್ದಳು. ಪಟ್ಟಿಗೆ ಸೇರಿಸಲಿಲ್ಲ. ಇಂದು ಮಧ್ಯಾಹ್ನ ಡ್ವೈಟ್ ಕೂಗಿದ.

"ಬಾರಮ್ಮಾ ಇಲ್ಲಿ! ಮೊಳೆ, ದಾರ ಎಲ್ಲಾ ಬರೀತೀಯ. ಇಷ್ಟುದ್ದದ ಹೆಂಗಸು ಕಣ್ಣಿಗೆ ಬೀಳ್ಲಿಲ್ವಾ?"

ಪರದೆಯಲ್ಲಿ ಪ್ರೇಕ್ಷಕರ ನಗು ಎದ್ದಿತು. ಅಂಚಿನಲ್ಲಿದ್ದ ಮೈಕಿನವನೂ ಬಡಗಿಯೂ ನಟರ ಕಡೆ ನೋಡಿ ನಗುತ್ತಿದ್ದರು. ಅವಳೊಬ್ಬಳೇ ಕ್ಯಾಮೆರಾದತ್ತ ತಿರುಗಿದ್ದಳು, ನಗದೆ. ಬೆಳಿಗ್ಗೆ ನೋಡಿದಾಗ ಅವಳು ಗೋಡೆಯ ಆಚೆಗಿದ್ದಳು. ಈಗ ಒಂದು ಕಾಲು ಅಡುಗೆಮನೆಯೊಳಗಿತ್ತು.

"ಹೆಂಗೆ ದುರುಗುಟ್ಟುತ್ತಾಳೆ ನೋಡು, ನಾನೇನೋ ಬಾಡಿಗೆ ಬಾಕಿ ಇಟ್ಕೊಂಡಿರೋ ಹಾಗೆ," ಎಂದು ಡ್ವೈಟ್ ನಕ್ಕ.

"ಈ ಕಂತನ್ನ ಚೌಕದಲ್ಲೇ ಬಿಟ್ರೆ?" ಎಂದು ಕೇಳಿದೆ.

"ಒಂದು ಚೌಕ, ಮಿಕ್ಕಿದ್ದೆಲ್ಲ ಅಗಲಾನಾ? ದೊಡ್ಡ ಟೀವಿ ಕೊಂಡವರು ಎರಡು ಬದಿ ಕಪ್ಪು ಪಟ್ಟಿ ನೋಡಿ ಡಿಸ್ಕ್ ವಾಪಸ್ ಎಸೀತಾರೆ ಕಣಮ್ಮಾ. ಗೋಡೆ ಹಚ್ಚಿಬಿಡ್ತೀನಿ, ಎರಡು ನಿಮಿಷ."

ಅವನು ಸ್ವೆಟರಿನಿಂದ ಶುರುಮಾಡಿದ. ಹಸಿರು ಮಾಸಿ ಗೋಡೆಯ ಹಳದಿ ಏರತೊಡಗಿತು. ಅಮ್ಮ ನನ್ನನ್ನು ಮುದ್ದಿನಿಂದ ಕರೆಯುತ್ತಿದ್ದ ಹೆಸರು ನಾಲಿಗೆಯ ತುದಿಯಲ್ಲಿತ್ತು. ತೋಳು ಅಳಿಯುವಷ್ಟರಲ್ಲಿ ಅದರ ಮೊದಲ ಅಕ್ಷರವೂ ನೆನಪಿರಲಿಲ್ಲ. ಪರದೆಯಲ್ಲಿ ಅವಳ ತುಟಿ ಅಲುಗುತ್ತಿತ್ತು. ಬಣ್ಣ ಕುತ್ತಿಗೆಗೆ ಬಂತು.

ನಾನು ಡ್ವೈಟನ ಮಣಿಕಟ್ಟು ಹಿಡಿದೆ. ಅವನು ಬೆಚ್ಚಿ ತಿರುಗಿದ.

"ಅವಳು ನನ್ನಮ್ಮ," ಎಂದೆ. "ಅಳಿಸಿ ಅಂತ ಮೊದ್ಲು ಬರೆದವಳೂ ನಾನೇ."