ಬಿಚ್ಚದ ಸುತ್ತು

"ಲೇ ಸೋಮಾರಿ ಮುಂಡೆ, ರೀಲು ಬಿಚ್ಚಿ ಹಾಕೇ ಅಂತ ಎಷ್ಟು ಸಲ ಬೊಗಳ್ಬೇಕೇ ನಿಂಗೆ?"

ಮೇಸ್ತ್ರಿ ಎವಾರಿಸ್ತೊ ಕೂಗಿದ್ದು ಉಬಾಲ್ದಿನಾಳಿಗೆ. ಅವಳು ತಲೆ ಎತ್ತಲಿಲ್ಲ. ಮುಂಡೆ ಅನ್ನಿಸಿಕೊಳ್ಳಲಿಕ್ಕೂ ಗಂಡ ಅಂತ ಒಬ್ಬ ಇದ್ದಿರಬೇಕಲ್ಲ! ಗಂಡ ಎಲಿಯೊದೋರೊನನ್ನು ಎಳೆದುಕೊಂಡು ಹೋದ ಸೈನಿಕರು ಮದುವೆಯ ಫೋಟೋವನ್ನೂ ಬಿಡದೆ ಅಂಗಳದಲ್ಲಿ ಸುಟ್ಟಿದ್ದರು. ವಿಚಾರಿಸಲು ಹೋದರೆ ಸೈನ್ಯದ ಕಚೇರಿಯ ಸಾರ್ಜೆಂಟ್ ಕಡ್ಡಿಯಿಂದ ಹಲ್ಲು ಕೆದಕುತ್ತ ಹೇಳಿದ್ದ: "ಅಂಥೋನು ಇರ್ಲೇ ಇಲ್ಲ. ಹುಟ್ಟೇ ಇಲ್ಲ. ಯಾವನ ಜೊತೆ ಮಲಗಿದ್ಯೋ, ಹೋಗಿ ಅವನ್ನ ಹುಡುಕು." ಅವಳಿಗೆ ಆಗ ಅಳುವೂ ಬಂದಿರಲಿಲ್ಲ.

ಸೈನ್ಯ ಅಧಿಕಾರ ಹಿಡಿದ ಮೇಲೆ ಸಿನಿಮಾ ಉಗ್ರಾಣಗಳನ್ನು ದೋಚಿದ ಲಾರಿಗಳು ಸಾಂತಿಯಾಗೋದ ಅಂಚಿನ ಈ ಶೆಡ್ಡಿಗೇ ಬರುತ್ತಿದ್ದವು. ಹೆಂಗಸರು ರೀಲುಗಳನ್ನು ಬಿಚ್ಚಿ ಕುದಿಯುವ ಕಾಸ್ಟಿಕ್ ಸೋಡಾದ ತೊಟ್ಟಿಗೆ ಹಾಕಬೇಕು. ಚಿತ್ರ ಕರಗಿ ತಳದಲ್ಲಿ ನಿಂತ ರಾಡಿಯಲ್ಲಿ ಬೆಳ್ಳಿ ಸಿಗುತ್ತದೆ, ಅದು ಮಾಲೀಕನಿಗೆ. ಬೋಳು ಫಿಲ್ಮು ಬಾಚಣಿಗೆ ಕಾರ್ಖಾನೆಗೆ. ದೇಶಕ್ಕೆ ತಲೆ ಬಾಚಿಕೊಳ್ಳುವುದೊಂದೇ ಕೆಲಸ ಉಳಿದಿತ್ತೋ ಏನೋ.

ತೊಟ್ಟಿಗೆ ಹಾಕುವ ಮೊದಲು ಗೇಣುದ್ದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವುದು ಎಲ್ಲರ ಚಾಳಿ. ಇವತ್ತು ಹಾಗೆ ನೋಡಿದರೆ ನೂಲಿನ ಮಿಲ್ಲಿನ ಗೇಟು. ಪೆಟ್ಟಿಗೆಯ ಮೇಲೆ ನಿಂತು, ಬಾಯಿ ತೆರೆದು, ಕೈ ಎತ್ತಿದ ಎಲಿಯೊದೋರೊ. ಆ ಅಂಗಿಯ ತೋಳಿಗೆ ತೇಪೆ ಹಾಕಿದವಳು ಅವಳೇ. ಮೇಸ್ತ್ರಿ ಬೆನ್ನ ಹಿಂದೆಯೇ ಇದ್ದ. ಅವಳು ರೀಲನ್ನು ಬಿಗಿಯಾಗಿ ಸುತ್ತಿ ಹಾಗೇ ತೊಟ್ಟಿಗೆ ಹಾಕಿಬಿಟ್ಟಳು. ಬಿಚ್ಚದಿದ್ದರೆ ಸೋಡಾ ಒಳಸುತ್ತಿಗೆ ಇಳಿಯುವುದಿಲ್ಲ. ಮೈಗಳ್ಳರು ಮಾಡುವ ತಪ್ಪು ಅದು.

"ತೆಗಿಯೇ ಹೊರಗೆ!" ಎವಾರಿಸ್ತೊ ಸೊಂಟಕ್ಕೆ ಒದ್ದ. ರೀಲು ಎತ್ತುವ ಕೊಕ್ಕೆ ಅವನ ಕೈಯಲ್ಲೇ ಇತ್ತು. ಅವಳು ಬರಿಗೈ ಹಾಕಿ ತೆಗೆದಳು. ನೋವು ಬೇರೆ ಯಾರದೋ ಕೈಗೆ ಆದಂತಿತ್ತು.

"ಬಿಚ್ಚು."

ಬಿಚ್ಚಿದಳು. ಬೋಳು, ಬೋಳು, ಮತ್ತೂ ಬೋಳು. ನಟ್ಟನಡುವೆ ಮೊಳದುದ್ದ ಮಾತ್ರ ಕಪ್ಪಗೆ ಉಳಿದಿತ್ತು. ಅದರಲ್ಲಿ ಎಲಿಯೊದೋರೊ ಇನ್ನೂ ಕೈ ಇಳಿಸಿರಲಿಲ್ಲ. ಉಬಾಲ್ದಿನಾ ಹಲ್ಲಿನಿಂದ ಕಚ್ಚಿ ಹರಿದು ಅದನ್ನು ರವಿಕೆಯೊಳಗೆ ತುರುಕಿಕೊಂಡಳು.

"ಏನೇ ಅದು ಬಚ್ಚಿಟ್ಕೊಂಡಿದ್ದು?"

"ಏನೂ ಇಲ್ಲ ಧಣಿ."

"ಕಣ್ಣಾರೆ ನೋಡಿದೀನಿ ಕಣೇ ಬೋಸುಡಿ, ಫಿಲ್ಮು!"

"ಇರ್ಲೇ ಇಲ್ಲ."

ಅವನು ಪಕ್ಕದ ತೊಟ್ಟಿಯ ಎರ್ಮೆಲಿಂಡಾಳ ಕಡೆ ತಿರುಗಿದ. "ನೀ ನೋಡಿದ್ಯಲ್ಲ, ಹೇಳೇ ಮುದುಕಿ!"

ಸೈನಿಕರು ಎಳೆದೊಯ್ದ ಮಗನನ್ನು ಕೇಳಿಕೊಂಡು ಅದೇ ಕಚೇರಿಗೆ ಹೋಗಿ, ಅದೇ ಮಾತು ಕೇಳಿಸಿಕೊಂಡು ಬಂದವಳು ಅವಳು. ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಂಡಳು.

"ಫಿಲ್ಮಾ? ಇರ್ಲೇ ಇಲ್ವಲ್ಲ ಧಣಿ. ಹುಟ್ಟೇ ಇಲ್ಲ."

"ಹುಟ್ಟೇ ಇಲ್ಲ," ಆಚೆ ತೊಟ್ಟಿಯವಳೂ ತಲೆ ಎತ್ತದೆ ಅಂದಳು.

ಎವಾರಿಸ್ತೊ ಸೈನಿಕನನ್ನು ಕರೆಯಲು ಗೇಟಿನ ಕಡೆ ಓಡಿದ. ಉಬಾಲ್ದಿನಾಳ ರವಿಕೆಯೊಳಗೆ ಸೋಡಾ ಚರ್ಮವನ್ನು ತಿನ್ನತೊಡಗಿತ್ತು. ಎರ್ಮೆಲಿಂಡಾ ತಣ್ಣೀರಿನ ಬಕೆಟ್ಟು ಎತ್ತಿ ಅವಳ ಎದೆಯ ಮೇಲೆ ಸುರಿದಳು. ಉಬಾಲ್ದಿನಾ ಇನ್ನೊಂದು ಡಬ್ಬಿ ತೆಗೆದು, ರೀಲನ್ನು ಬಿಚ್ಚದೆ ತೊಟ್ಟಿಗೆ ಹಾಕಿದಳು.